ಅನಾನಸ್, ಮಾವು, ಹಲಸು: ವರ್ಷಪೂರ್ತಿ ಉಳಿಸಲು ಯಾವ ಹಣ್ಣಿಗೆ ಯಾವ ವಿಧಾನ

ಮಾವು, ಹಲಸು, ಅನಾನಸ್, ಮುರುಗಲು ಇವೆಲ್ಲ ಬೇಸಿಗೆಯ ನಡುವಿನಿಂದ ಮಳೆಗಾಲದ ಆರಂಭದೊಳಗೆ ಒಂದರ ಬೆನ್ನಿಗೆ ಒಂದರಂತೆ ಬಂದುಬಿಡುತ್ತವೆ. ತಿಂದೂ ಮುಗಿಯದ, ಹಂಚಿಯೂ ಮುಗಿಯದ ಆ ಹಣ್ಣನ್ನು ಮುಂದಿನ ವರ್ಷದವರೆಗೆ ಕಾಪಿಡಲು ಮನೆಯ ಮಟ್ಟದಲ್ಲಿ ಐದು ದಾರಿಗಳಿವೆ: ಬಾಟಲಿಯಲ್ಲಿ ತುಂಬಿ ಕುದಿಸಿ ಮುಚ್ಚುವುದು, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸುವುದು, ಒಣಗಿಸುವುದು, ಸಕ್ಕರೆ ಅಥವಾ ಬೆಲ್ಲದಲ್ಲಿ ಕಾಯಿಸಿ ಗಟ್ಟಿ ಮಾಡುವುದು, ರಸಕ್ಕೆ ಸಂರಕ್ಷಕ ಬೆರೆಸಿ ಇಡುವುದು. ಇವುಗಳಲ್ಲಿ ಮೊದಲನೆಯದಕ್ಕೆ ಈಚೆಗೆ ಒಲವು ಹೆಚ್ಚಾಗಿದೆ. ಗಾಜಿನ ಬಾಟಲಿಗಳ ಸಾಲು ಕಪಾಟಿನಲ್ಲಿ ಚೆಂದ ಕಾಣುತ್ತದೆ, ಕರೆಂಟಿನ ಹಂಗಿಲ್ಲ, ಸಂರಕ್ಷಕವೂ ಬೇಕಿಲ್ಲ. ಆದರೆ ಐದು ದಾರಿಗಳಲ್ಲಿ ತಪ್ಪಿದರೆ ಪ್ರಾಣಕ್ಕೆ ಕುತ್ತು ತರಬಲ್ಲದ್ದು ಮುಖ್ಯವಾಗಿ ಇದೊಂದೇ. ಆದ್ದರಿಂದ ಈ ಹೋಲಿಕೆಯನ್ನು ವಿಧಾನದಿಂದ ಆರಂಭಿಸದೆ ಹಣ್ಣಿನಿಂದಲೇ ಆರಂಭಿಸುವುದು ಒಳ್ಳೆಯದು.

ಮೊದಲು ನೋಡಬೇಕಾದದ್ದು ಹುಳಿ

ಬಾಟಲಿಯ ಬಗ್ಗೆ ಬಹಳ ಮಂದಿಯಲ್ಲಿ ಬೇರೂರಿರುವ ನಂಬಿಕೆಯೆಂದರೆ, ಗಾಳಿ ಹೋಗದಂತೆ ಬಿಗಿಯಾಗಿ ಮುಚ್ಚಿಬಿಟ್ಟರೆ ಪದಾರ್ಥ ಕೆಡುವುದಿಲ್ಲ ಎನ್ನುವುದು. ಈ ವಿಧಾನವನ್ನು ರೂಪಿಸಿ 1810ರಲ್ಲಿ ಪ್ರಕಟಿಸಿದ ಫ್ರಾನ್ಸಿನ ನಿಕೋಲಾ ಅಪೇರ್ ಕೂಡ ಗಾಳಿಯನ್ನು ಹೊರಗಿಡುವುದಕ್ಕೆ ಬಹಳ ಮಹತ್ವ ಕೊಟ್ಟಿದ್ದ. ಸೂಕ್ಷ್ಮಜೀವಿಗಳಿಂದಲೇ ಆಹಾರ ಕೆಡುತ್ತದೆ ಎಂಬುದನ್ನು ಪಾಶ್ಚರ್ ತೋರಿಸಿಕೊಟ್ಟದ್ದು ಅದಾಗಿ ಸುಮಾರು ಐವತ್ತು ವರ್ಷಗಳ ಮೇಲೆ. ಹಣ್ಣನ್ನು ಕಾಯುವುದು ಬಾಟಲಿಯೊಳಗೆ ಹೊಕ್ಕ ಶಾಖ. ಮುಚ್ಚಳದ ಕೆಲಸ ಹೊರಗಿನ ಜೀವಿಗಳು ಮತ್ತೆ ಒಳಗೆ ಬಾರದಂತೆ ತಡೆಯುವುದು, ಅಷ್ಟೆ. ಒಳಗಿರುವ ಕೆಲವು ಜೀವಿಗಳಿಗಂತೂ ಗಾಳಿಯಿಲ್ಲದ ಜಾಗವೇ ಹಿತ.

ಅವುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ. ಇದರ ಬೀಜಾಣುಗಳು ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವಂಥವು. ನೆಲಕ್ಕೆ ಬಿದ್ದ ಹಣ್ಣಿನ ಸಿಪ್ಪೆಯ ಮೇಲೂ ಇರಬಹುದು. ನೀರು ಕುದಿಯುವ 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅವು ಸಾಯುವುದಿಲ್ಲ. ಅವನ್ನು ಖಚಿತವಾಗಿ ನಾಶ ಮಾಡಲು ಕಾರ್ಖಾನೆಗಳಲ್ಲಿ ಒತ್ತಡದ ಉಗಿಯಿಂದ 121 ಡಿಗ್ರಿಯವರೆಗೆ ಕಾಯಿಸುತ್ತಾರೆ. ಕುದಿತಕ್ಕೆ ಉಳಿದುಕೊಂಡ ಬೀಜಾಣು ಗಾಳಿಯಿಲ್ಲದ, ತೇವವಿರುವ, ಹುಳಿಯಿಲ್ಲದ ಬಾಟಲಿಯಲ್ಲಿ ಮೊಳೆತು ನಂಜು ಉಂಟುಮಾಡುತ್ತದೆ. ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ತಡೆದು ಪಾರ್ಶ್ವವಾಯು ತರುವ ಈ ನಂಜು ಸೇರಿದ ಪದಾರ್ಥ ನೋಟದಲ್ಲಾಗಲಿ, ವಾಸನೆಯಲ್ಲಾಗಲಿ, ರುಚಿಯಲ್ಲಾಗಲಿ ಕೆಟ್ಟಿರುವಂತೆ ತೋರಲೇಬೇಕೆಂದಿಲ್ಲ.

ಈ ಬೀಜಾಣುವನ್ನು ಮೊಳೆಯಗೊಡದೆ ತಡೆಯುವುದು ಹುಳಿ. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾಪನದಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು, 4.6 ಎಂಬುದು ಇಲ್ಲಿ ಗೆರೆ. ಅದಕ್ಕಿಂತ ಕೆಳಗಿರುವ ಹಣ್ಣನ್ನು ಬಾಟಲಿಗೆ ತುಂಬಿ, ಕುದಿಯುವ ನೀರಿನಲ್ಲಿ ನಿಗದಿತ ಹೊತ್ತು ಇಟ್ಟರೆ ಸಾಕಾಗುತ್ತದೆ. ಬೂಷ್ಟು, ಹುದುಗು ಮೊದಲಾದವು ಆ ಶಾಖಕ್ಕೆ ಸಾಯುತ್ತವೆ, ಉಳಿದ ಬೀಜಾಣುವನ್ನು ಹುಳಿ ಕಟ್ಟಿಹಾಕುತ್ತದೆ. ಗೆರೆಗಿಂತ ಮೇಲಿರುವ ಹಣ್ಣನ್ನು ಎಷ್ಟು ಗಂಟೆ ಕುದಿಸಿದರೂ ಆ ಭರವಸೆ ಇಲ್ಲ.

ನಮ್ಮ ಹಣ್ಣುಗಳನ್ನು ಈ ಗೆರೆಯ ಎರಡು ಬದಿಗೆ ಇಟ್ಟು ನೋಡಿದರೆ ಅರ್ಧ ತೀರ್ಮಾನ ತಾನಾಗಿಯೇ ಆಗಿಬಿಡುತ್ತದೆ. ಅನಾನಸ್‌ನ ಪಿಎಚ್ ಸಾಮಾನ್ಯವಾಗಿ 3.2ರಿಂದ 4ರೊಳಗೆ ಇರುತ್ತದೆ. ಮಾವಿನಕಾಯಿ, ದ್ರಾಕ್ಷಿ, ಕಿತ್ತಳೆ, ನೆಲ್ಲಿಕಾಯಿ ಇವೂ ಹುಳಿಯ ಬದಿಯಲ್ಲಿ ನಿಲ್ಲುತ್ತವೆ. ಪಪ್ಪಾಯಿ, ಕಲ್ಲಂಗಡಿ, ಕರಬೂಜ, ಚಿಕ್ಕು, ಬಾಳೆ, ಹಲಸಿನ ಹಣ್ಣು ಇವು ಆಚೆ ಬದಿಯವು. ಅಂಜೂರ ಮತ್ತು ಟೊಮೆಟೊ ಗೆರೆಯ ಮೇಲೆಯೇ ಓಲಾಡುತ್ತವೆ. ತೊಡಕಿರುವುದು ಮಾವಿನ ಹಣ್ಣಿನದು. ಅದು ತಳಿಯಿಂದ ತಳಿಗೆ, ಹಣ್ಣಾದ ಹದದಿಂದ ಹದಕ್ಕೆ ಗೆರೆಯ ಈಚೆಗೂ ಆಚೆಗೂ ಹೋಗುತ್ತದೆ. ನಾಲಿಗೆಯನ್ನು ನಂಬಿ ಇದನ್ನು ತೀರ್ಮಾನಿಸುವಂತಿಲ್ಲ, ಏಕೆಂದರೆ ಸಿಹಿ ಹೆಚ್ಚಿದ್ದರೆ ಹುಳಿ ಇದ್ದರೂ ತಿಳಿಯುವುದಿಲ್ಲ, ಸಿಹಿ ಕಡಿಮೆಯಿದ್ದರೆ ಇಲ್ಲದ ಹುಳಿ ಇದ್ದಂತೆ ತೋರುತ್ತದೆ.

ಬಾಟಲಿಗೆ ತಕ್ಕದ್ದು ಅನಾನಸ್

ಬನವಾಸಿ, ಸಾಗರ, ಸೊರಬದ ಕಡೆಯಿಂದ ಅನಾನಸ್ ಲಾರಿಗಟ್ಟಲೆ ಬರುವ ದಿನಗಳಲ್ಲಿ ಬೆಲೆ ಇಳಿದಿರುತ್ತದೆ. ಬಾಟಲಿಯ ಕೆಲಸವನ್ನು ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹಣ್ಣಿಲ್ಲ. ಹುಳಿ ಸಾಕಷ್ಟಿದೆ, ಕುದಿಸಿದರೂ ಹೋಳು ಹೋಳಾಗಿಯೇ ಉಳಿಯುತ್ತದೆ, ಪರಿಮಳವೂ ಬಹುಮಟ್ಟಿಗೆ ನಿಲ್ಲುತ್ತದೆ. ಫ್ರೀಜರ್‌ನಿಂದ ತೆಗೆದ ಅನಾನಸ್ ಕರಗಿದಾಗ ಮೆತ್ತಗಾಗಿ ನೀರು ಬಿಡುತ್ತದೆ. ಗೊಜ್ಜಿಗೂ ಕೇಸರಿಬಾತಿಗೂ ಅದು ನಡೆದೀತು, ಹೋಳನ್ನು ಹಾಗೆಯೇ ಬಡಿಸುವುದಕ್ಕಾದರೆ ಬಾಟಲಿಯ ಹಣ್ಣೇ ಮೇಲು.

ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದ ಮೇಲೆ ಉಳಿಯುವುದು ಕಡಿಮೆಯಾದ್ದರಿಂದ, ಒಂದು ಲೀಟರಿನ ಬಾಟಲಿಗೆ ಸುಮಾರು 1.4 ಕೆ.ಜಿ. ಇಡೀ ಹಣ್ಣು ಬೇಕೆಂದು ಲೆಕ್ಕ ಹಾಕಬಹುದು. ಹೋಳುಗಳನ್ನು ಸಕ್ಕರೆ ನೀರಿನಲ್ಲಿ ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಬೇಕು. 200 ಗ್ರಾಂ ಸಕ್ಕರೆಗೆ 800 ಗ್ರಾಂ ನೀರು ಸೇರಿಸಿದರೆ ತೆಳು ಪಾಕ, 300 ಗ್ರಾಂ ಸಕ್ಕರೆಗೆ 700 ಗ್ರಾಂ ನೀರು ಸೇರಿಸಿದರೆ ಮಧ್ಯಮ ಪಾಕ. ಇಲ್ಲಿ ಸಕ್ಕರೆ ಇರುವುದು ಬಣ್ಣ, ಆಕಾರ, ರುಚಿಗಳಿಗಾಗಿ ಮಾತ್ರ. ಹಣ್ಣು ಕೆಡದಂತೆ ಕಾಯುವ ಕೆಲಸ ಅದರದಲ್ಲ. ಆದ್ದರಿಂದ ಮಧುಮೇಹ ಇರುವ ಮನೆಯವರು ಸಕ್ಕರೆಯನ್ನು ಪೂರ್ತಿ ಬಿಟ್ಟು ಬರಿಯ ನೀರಿನಲ್ಲಿ ತುಂಬಿದರೂ ಸುರಕ್ಷತೆಗೆ ಕುಂದಿಲ್ಲ. ಜಾಮಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ, ನನ್ನ ಮಟ್ಟಿಗೆ ಬಾಟಲಿಯ ದೊಡ್ಡ ಅನುಕೂಲವೂ ಇದೇ.

ಬಿಸಿ ಬಾಟಲಿಗೆ ಬಿಸಿ ಹೋಳು, ಬಿಸಿ ಪಾಕ ತುಂಬಿ, ಬಾಯಿಯಿಂದ ಸುಮಾರು ಒಂದೂಕಾಲು ಸೆಂಟಿಮೀಟರ್ ಜಾಗ ಖಾಲಿ ಬಿಡಬೇಕು. ಬಿದಿರಿನ ತೆಳ್ಳನೆಯ ಕಡ್ಡಿಯನ್ನು ಗಾಜಿನ ಅಂಚಿನಗುಂಟ ಇಳಿಸಿದರೆ ಹೋಳುಗಳ ನಡುವೆ ಸಿಕ್ಕಿಕೊಂಡ ಗುಳ್ಳೆಗಳು ಮೇಲೆ ಬರುತ್ತವೆ. ಆಗ ಪಾಕದ ಮಟ್ಟ ಇಳಿಯುವುದರಿಂದ ಮತ್ತಷ್ಟು ಸೇರಿಸಬೇಕಾಗುತ್ತದೆ. ಬಾಟಲಿಯ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸದೆ ಮುಚ್ಚಳ ಹಾಕಬಾರದು, ಒಂದು ನಾರು ಅಂಟಿಕೊಂಡಿದ್ದರೂ ಆ ಸಂದಿನಲ್ಲಿ ಮುಚ್ಚಳ ಹಿಡಿಯುವುದಿಲ್ಲ. ಆಮೇಲೆ ತಳದಲ್ಲಿ ಬಟ್ಟೆ ಹಾಸಿದ ಆಳವಾದ ಪಾತ್ರೆಯಲ್ಲಿ ಬಾಟಲಿಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಮುಚ್ಚಳದ ಮೇಲೆ ಎರಡು ಬೆರಳಷ್ಟು ನಿಲ್ಲುವಂತೆ ಬಿಸಿನೀರು ತುಂಬಿ ಕುದಿಸಬೇಕು. ಹೊತ್ತನ್ನು ಎಣಿಸಬೇಕಾದದ್ದು ನೀರು ಕೊತಕೊತ ಕುದಿಯತೊಡಗಿದ ಮೇಲೆ, ಒಲೆಯ ಮೇಲೆ ಇಟ್ಟ ಗಳಿಗೆಯಿಂದಲ್ಲ. ಬಚ್ಚಲ ಒಲೆಯೂ ದೊಡ್ಡ ತಪ್ಪಲೆಯೂ ಇರುವ ಮನೆಗಳಲ್ಲಿ ಈ ಕೆಲಸಕ್ಕೆ ಗ್ಯಾಸ್ ಖರ್ಚೇ ಇಲ್ಲ. ನಗರದ ಅಡುಗೆಮನೆಯಲ್ಲಿ ಮಾತ್ರ ನಾಲ್ಕು ಬಾಟಲಿಗಾಗಿ ಇಷ್ಟು ನೀರು ಕಾಯಿಸುವುದು ಲಾಭವೇ ಎಂದು ಯೋಚಿಸಬೇಕಾಗುತ್ತದೆ.

ಕುದಿಸುವ ಹೊತ್ತು ಊರಿನ ಎತ್ತರವನ್ನು ಅನುಸರಿಸಿ ಬದಲಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಮೇಲೇರಿದಂತೆಲ್ಲ ನೀರು ಕುದಿಯುವ ಶಾಖ ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಕಡಿಮೆಗೆ. ಅಮೆರಿಕದ ಕೃಷಿ ಇಲಾಖೆ ಪ್ರಯೋಗದಿಂದ ಗೊತ್ತುಮಾಡಿರುವ ಕೋಷ್ಟಕದ ಪ್ರಕಾರ, ಬಿಸಿಯಾಗಿ ತುಂಬಿದ ಅನಾನಸ್‌ಗೆ ಅರ್ಧ ಲೀಟರಿಗಿಂತ ತುಸು ಚಿಕ್ಕದಾದ ಬಾಟಲಿಯಲ್ಲಿ ಕರಾವಳಿಯ ಮಟ್ಟಕ್ಕೆ 15 ನಿಮಿಷ, ಬೆಂಗಳೂರು ಮತ್ತು ಮಡಿಕೇರಿಯ ಎತ್ತರಕ್ಕೆ 20 ನಿಮಿಷ ಬೇಕು. ಅದಕ್ಕೆ ಎರಡು ಪಟ್ಟು ದೊಡ್ಡ ಬಾಟಲಿಯಾದರೆ ಕರಾವಳಿಯಲ್ಲಿ 20, ಶಿರಸಿಯಂಥ ಎತ್ತರದಲ್ಲಿ 25, ಬೆಂಗಳೂರಿನಿಂದ ಮೇಲಕ್ಕೆ 30 ನಿಮಿಷ. ನಮ್ಮ ಮನೆಗಳ ಬಳಕೆಗೆ ಚಿಕ್ಕ ಬಾಟಲಿಯೇ ವಾಸಿ. ಶಾಖ ನಡುವಿನವರೆಗೆ ಬೇಗ ತಲುಪುತ್ತದೆ, ತೆರೆದ ಬಾಟಲಿ ಎರಡು ದಿನದಲ್ಲಿ ಖರ್ಚಾಗಿಬಿಡುತ್ತದೆ.

ನೀರಿನಿಂದ ಎತ್ತಿದ ಬಾಟಲಿಗಳನ್ನು ದಪ್ಪ ಬಟ್ಟೆಯ ಮೇಲಿಟ್ಟು, ಕನಿಷ್ಠ ಹನ್ನೆರಡು ಗಂಟೆ ಅಲುಗಿಸದೆ ಬಿಡಬೇಕು. ಆರುತ್ತ ಬಂದಂತೆ ಒಳಗೆ ನಿರ್ವಾತ ಉಂಟಾಗಿ ಮುಚ್ಚಳದ ನಡುಭಾಗ ಟಪ್ಪೆಂದು ಒಳಕ್ಕೆ ಕುಸಿಯುತ್ತದೆ. ಮರುದಿನ ಬೆರಳಿನಿಂದ ಒತ್ತಿದಾಗ ಮುಚ್ಚಳ ಮೇಲೆಕೆಳಗೆ ಆಡಿದರೆ ಆ ಬಾಟಲಿ ಹಿಡಿದಿಲ್ಲವೆಂದು ತಿಳಿದು ಫ್ರಿಡ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ತಿಂದು ಮುಗಿಸಬೇಕು. ಬಿಸಿ ಹಣ್ಣು ತುಂಬಿ, ಮುಚ್ಚಳ ಹಾಕಿ, ಬಾಟಲಿಯನ್ನು ಬೋರಲು ನಿಲ್ಲಿಸಿದರೆ ಸಾಕೆಂದು ಹೇಳಿಕೊಡುವವರಿದ್ದಾರೆ. ಅದರಿಂದಲೂ ಮುಚ್ಚಳ ಒಳಕ್ಕೆ ಕುಸಿಯುತ್ತದೆ, ನಿಜ. ಆದರೆ ಮುಚ್ಚಳ ಹಿಡಿದ ಮಾತ್ರಕ್ಕೆ ಒಳಗಿನ ಹಣ್ಣಿಗೆ ಬೇಕಾದಷ್ಟು ಶಾಖ ಸಿಕ್ಕಿತೆಂದು ಅರ್ಥವಲ್ಲ.

ಬಾಟಲಿಯ ಆಯ್ಕೆಯಲ್ಲಿ ಜಿಪುಣತನ ಸಲ್ಲದು. ಮೇಲಿನ ಕೋಷ್ಟಕವನ್ನು ಸಿದ್ಧಪಡಿಸಿದ್ದು ಚಪ್ಪಟೆ ಮುಚ್ಚಳ ಮತ್ತು ಅದನ್ನು ಹಿಡಿದಿಡುವ ತಿರುಪಿನ ಬಳೆ ಎಂಬ ಎರಡು ಭಾಗದ ಮುಚ್ಚಳಗಳಿಗೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇವು ಯಾವ ದಿನಸಿ ಅಂಗಡಿಯಲ್ಲಾದರೂ ಸಿಗುತ್ತವೆ, ನಮ್ಮಲ್ಲಿ ಆನ್‌ಲೈನ್‌ನಲ್ಲಿ ಹುಡುಕಿ ಹೆಚ್ಚು ಬೆಲೆ ಕೊಡಬೇಕು. ಇಲ್ಲಿ ಸುಲಭವಾಗಿ ದೊರೆಯುವುದು ಜಾಮ್ ಬಾಟಲಿಗಳಿಗೆ ಬರುವ, ಕಾಲು ಸುತ್ತಿಗೆ ಬಿಗಿಯಾಗುವ ತಗಡಿನ ಮುಚ್ಚಳ. ಅನಾನಸ್‌ನಂಥ ಹುಳಿ ಹಣ್ಣಿಗೆ ಇದನ್ನು ಬಳಸುವುದಾದರೆ ಪ್ರತಿ ಸಲವೂ ಹೊಸ ಮುಚ್ಚಳವನ್ನೇ ತರಬೇಕು; ಒಳಗಿನ ಮೆತ್ತನೆಯ ಪದರದಲ್ಲಿ ಒಮ್ಮೆ ಗಾಜಿನ ಅಂಚಿನ ಗುರುತು ಮೂಡಿತೆಂದರೆ ಎರಡನೆಯ ಸಲ ಅದು ಹಿಡಿಯುತ್ತದೆಂಬ ಖಾತ್ರಿಯಿಲ್ಲ. ಅಟ್ಟದಲ್ಲಿರುವ ಹಳೆಯ ಹಾರ್ಲಿಕ್ಸ್ ಬಾಟಲಿ ಉಪ್ಪಿನಕಾಯಿಗೆ ಇರಲಿ.

ಕುಕ್ಕರ್ ಇದೆಯಲ್ಲ ಎಂಬ ಪ್ರಶ್ನೆ

ಮನೆಯ ಕುಕ್ಕರಿನಲ್ಲಿ ಶಾಖ 100 ಡಿಗ್ರಿಯನ್ನು ದಾಟುತ್ತದೆ. ಹಾಗಿದ್ದ ಮೇಲೆ ಪಪ್ಪಾಯಿ, ಹಲಸಿನ ಹಣ್ಣುಗಳನ್ನು ಬಾಟಲಿಗೆ ತುಂಬಿ ಅದರಲ್ಲಿ ಕೂಗಿಸಿದರಾಗದೇ ಎಂಬ ಪ್ರಶ್ನೆ ಸಹಜ. ಆಗುವುದಿಲ್ಲ. ಬಾಟಲಿಗಾಗಿಯೇ ಮಾಡಿದ ಒತ್ತಡದ ಪಾತ್ರೆಗಳು ಗಾತ್ರದಲ್ಲಿ ಬಹಳ ದೊಡ್ಡವು, ನಿಧಾನವಾಗಿ ಕಾದು ನಿಧಾನವಾಗಿ ಆರುತ್ತವೆ. ಆ ಕಾಯುವ ಮತ್ತು ಆರುವ ಹೊತ್ತೂ ಗೊತ್ತುಮಾಡಿದ ಲೆಕ್ಕದಲ್ಲಿ ಸೇರಿದೆ. ನಮ್ಮ ಕುಕ್ಕರ್ ಐದು ನಿಮಿಷಕ್ಕೆ ಕೂಗಿ ಅಷ್ಟೇ ಬೇಗ ಆರುತ್ತದೆ. ಬೇಳೆಗೆ ಮೂರು ವಿಸಿಲ್ ಎಂದು ಅನುಭವದಿಂದ ಹೇಳಬಹುದು, ಏಕೆಂದರೆ ಬೇಳೆ ಬೆಂದಿದೆಯೇ ಎಂದು ಹಿಚುಕಿ ನೋಡಲು ಬರುತ್ತದೆ. ಬಾಟಲಿಯ ನಟ್ಟನಡುವಿನ ಬೀಜಾಣು ಸತ್ತಿದೆಯೇ ಎಂದು ನೋಡಲು ಬರುವುದಿಲ್ಲ. ಮೇಲಾಗಿ, ಒತ್ತಡದಲ್ಲಿ ಬೆಂದ ಪಪ್ಪಾಯಿ ಮತ್ತು ಹಲಸು ಮುದ್ದೆಯಾಗುತ್ತವೆ. ಅಪಾಯ ಇಲ್ಲದಿದ್ದರೂ ಆ ಶ್ರಮಕ್ಕೆ ಫಲವಿಲ್ಲ.

ಮಾವಿನ ಹಣ್ಣಿಗೆ ಫ್ರೀಜರ್ ಮತ್ತು ಚಾಪೆ

ಮಾವಿನಕಾಯಿಯ ಹೋಳನ್ನು ಅನಾನಸ್‌ನಂತೆಯೇ ಬಾಟಲಿಗೆ ತುಂಬಬಹುದು. ಹಣ್ಣಿನ ಮಾತು ಬೇರೆ. ಕಾರ್ಖಾನೆಯವರು ಮಾವಿನ ತಿರುಳನ್ನು ಡಬ್ಬಿಗೆ ತುಂಬುವುದುಂಟಲ್ಲ ಎನ್ನಬಹುದು. ಅವರು ಪ್ರತಿ ಸಲ ತುಂಬುವ ತಿರುಳಿನ ಪಿಎಚ್ ಅಳೆದು, ಬೇಕಾದಷ್ಟು ಸಿಟ್ರಿಕ್ ಆಮ್ಲ ಸೇರಿಸಿ, ಮತ್ತೆ ಅಳೆದು ಮುಂದುವರಿಯುತ್ತಾರೆ. ಮನೆಯಲ್ಲಿ ಅಂದಾಜಿನ ಮೇಲೆ ಎರಡು ನಿಂಬೆಹಣ್ಣು ಹಿಂಡಿದರೆ ಅದು ಅಳತೆಯಾಗುವುದಿಲ್ಲ, ಏಕೆಂದರೆ ನಿಂಬೆಯ ಹುಳಿಯೂ ಹಣ್ಣಿನಿಂದ ಹಣ್ಣಿಗೆ ಬೇರೆ. ಆದ್ದರಿಂದ ಬಾದಾಮಿ, ರಸಪುರಿ, ಮಲ್ಲಿಕಾ ಯಾವುದೇ ಇರಲಿ, ಹಣ್ಣಾದ ಮಾವನ್ನು ಬಾಟಲಿಗೆ ತುಂಬಿ ಕಪಾಟಿನಲ್ಲಿಡಬಾರದು ಎಂಬುದೇ ನನ್ನ ಖಚಿತ ಸಲಹೆ.

ಫ್ರೀಜರ್‌ನಲ್ಲಿ ಈ ಚಿಂತೆಯಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ, ಹುಳಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ರಸ ತೆಗೆದು ನಾರು ಸೋಸಿ, ಒಂದು ಹೊತ್ತಿನ ಸೀಕರಣೆಗೆ ಸಾಲುವಷ್ಟನ್ನು ಒಂದೊಂದು ಚೀಲಕ್ಕೆ ತುಂಬಿ, ಗಾಳಿ ಹೊರಡಿಸಿ, ಚಪ್ಪಟೆಯಾಗಿ ಮಲಗಿಸಿದರೆ ಬೇಗ ಹೆಪ್ಪುಗಟ್ಟುತ್ತದೆ, ಜಾಗವೂ ಕಡಿಮೆ ಹಿಡಿಯುತ್ತದೆ. ಡಬ್ಬಿಯಲ್ಲಿ ಇಡುವುದಾದರೆ ಹೆಪ್ಪುಗಟ್ಟುವಾಗ ಹಿಗ್ಗಲು ಮೇಲೆ ಸ್ವಲ್ಪ ಜಾಗ ಬಿಡಬೇಕು. ಎಂಟು ಹತ್ತು ತಿಂಗಳು ಬಣ್ಣವೂ ರುಚಿಯೂ ಚೆನ್ನಾಗಿ ಉಳಿಯುತ್ತವೆ, ಬೇರೆ ಯಾವ ವಿಧಾನದಲ್ಲೂ ಉಳಿಯದಷ್ಟು. ತೊಂದರೆಯೆಂದರೆ ಜಾಗ ಮತ್ತು ಕರೆಂಟು. ಬೇರೆಯಾಗಿಯೇ ಇರುವ ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಎರಡು ದಿನದವರೆಗೆ ತಂಪನ್ನು ಹಿಡಿದಿಡಬಲ್ಲದು, ಅರ್ಧ ತುಂಬಿದ್ದರೆ ಒಂದು ದಿನ. ಫ್ರಿಡ್ಜಿನ ಮೇಲಿನ ಚಿಕ್ಕ ಖಾನೆ ಅಷ್ಟು ತಾಳುವುದಿಲ್ಲ. ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಬರಲು ನಾಲ್ಕು ದಿನ ಹಿಡಿಯುವ ಮಲೆನಾಡಿನ ಊರುಗಳಲ್ಲಿ ವರ್ಷದ ಹಣ್ಣನ್ನೆಲ್ಲ ಫ್ರೀಜರ್‌ಗೆ ಒಪ್ಪಿಸುವುದು ಜಾಣತನವಲ್ಲ.

ಅಂಥ ಊರುಗಳಲ್ಲಿ ಹಿಂದಿನಿಂದ ಬಂದಿರುವ ದಾರಿ ಮಾಂಬಳ. ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ, ಇಲ್ಲವೇ ತಟ್ಟೆಗೆ ತುಪ್ಪ ಸವರಿ, ಕಾಟುಮಾವಿನ ರಸವನ್ನು ತೆಳ್ಳಗೆ ಎರೆದು ಬಿಸಿಲಿಗೆ ಇಡುತ್ತಾರೆ. ಒಂದು ಪದರ ಕೈಗೆ ಅಂಟದಷ್ಟು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಎರೆಯಬೇಕು. ಅವಸರದಿಂದ ಒಮ್ಮೆಗೇ ದಪ್ಪವಾಗಿ ಎರೆದರೆ ಮೇಲೆ ಕೆನೆಗಟ್ಟಿ ಒಳಗಿನ ರಸ ಹುಳಿತುಹೋಗುತ್ತದೆ. ಅಂಚನ್ನು ಉಗುರಿನಿಂದ ಎಬ್ಬಿಸಿದಾಗ ಹಾಳೆಯಂತೆ ಇಡಿಯಾಗಿ ಸುಲಿದು ಬಂದರೆ, ಮಡಿಸಿದಾಗ ಅಂಟಿಕೊಳ್ಳದಿದ್ದರೆ ಹದವಾಗಿದೆಯೆಂದು ಅರ್ಥ. ಇದು ಗಾಳಿಯಾಡದ ಡಬ್ಬಿಯಲ್ಲಿ ವರ್ಷ ತಾಳುತ್ತದೆ, ಖರ್ಚು ಏನೂ ಇಲ್ಲ, ಜಾಗ ಬಹಳ ಕಡಿಮೆ. ಆದರೆ ಬಿಸಿಲಿನಲ್ಲಿ ಒಣಗುವಾಗ ಸಿ ಜೀವಸತ್ವ ಬಹಳಷ್ಟು ನಷ್ಟವಾಗುತ್ತದೆ, ತಾಜಾ ಹಣ್ಣಿನ ಪರಿಮಳ ಹೋಗಿ ಬೇರೊಂದು ರುಚಿ ಬರುತ್ತದೆ. ಆ ಬೇರೊಂದು ರುಚಿಗಾಗಿಯೇ ಮಾಂಬಳದ ಗೊಜ್ಜನ್ನು ಮಳೆಗಾಲದಲ್ಲಿ ಕೇಳಿ ಬಡಿಸಿಕೊಳ್ಳುವವರು ಇದನ್ನು ಕೊರತೆ ಎನ್ನಲಾರರು.

ಹಲಸು ಮತ್ತು ಬಾಳೆ

ಹಲಸಿನ ಹಣ್ಣಿಗೆ ಬಾಟಲಿಯ ದಾರಿ ಮುಚ್ಚಿದೆ ಎಂದು ಮೇಲೆಯೇ ಹೇಳಿದೆ. ಬಿಸಿಲಿನ ದಾರಿಯೂ ಅರ್ಧ ಮುಚ್ಚಿದಂತೆಯೇ. ಕರಾವಳಿಯಲ್ಲಿ ಹಲಸು ಚೆನ್ನಾಗಿ ಹಣ್ಣಾಗುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಹೊರಗೆ ಹರಡಿದ್ದು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಸುಮಾರು 55ರಿಂದ 60 ಡಿಗ್ರಿಯಲ್ಲಿ ಬಿಸಿಗಾಳಿ ಹಾಯಿಸುವ ವಿದ್ಯುತ್ ಡ್ರೈಯರ್ ಇದ್ದರೆ ಮಾತ್ರ ಒಣಗಿಸುವ ಯೋಚನೆ ಮಾಡಬಹುದು. ಒಂದು ಮನೆಗೆ ಅದು ದುಬಾರಿ, ನಾಲ್ಕಾರು ಮನೆಗಳು ಅಥವಾ ಒಂದು ಸ್ವಸಹಾಯ ಸಂಘ ಸೇರಿ ಕೊಂಡರೆ ಹೊರೆಯಾಗದು.

ಉಳಿದದ್ದು ಎರಡು. ಬಕ್ಕೆ ಹಲಸಿನ ಗಟ್ಟಿ ತೊಳೆಯ ಬೀಜ ತೆಗೆದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ತುಂಬಿದರೆ ಬೇಕಾದಾಗ ಬೇಕಾದಷ್ಟೇ ತೆಗೆಯಬಹುದು. ಮೊದಲೇ ಚೀಲಕ್ಕೆ ತುಂಬಿದರೆ ಎಲ್ಲ ಸೇರಿ ಒಂದೇ ಗಡ್ಡೆಯಾಗುತ್ತದೆ. ಎಳೆಎಳೆಯಾಗಿ ಜಾರುವ ಅಂಬಲಿ ಹಲಸಿಗೆ ತಕ್ಕದ್ದು ದಕ್ಷಿಣ ಕನ್ನಡದ ಹವ್ಯಕರ ಮನೆಗಳ ಬೆರಟಿ. ತೊಳೆಯನ್ನು ಬೇಯಿಸಿ ಅರೆದು, ಬೆಲ್ಲ ಸೇರಿಸಿ, ದಪ್ಪ ತಳದ ಉರುಳಿಯಲ್ಲಿ ಮಗುಚುತ್ತ ಹೋಗಿ, ಪಾತ್ರೆಯ ತಳ ಬಿಟ್ಟು ಮುದ್ದೆಯಾಗಿ ಸುತ್ತಿಕೊಳ್ಳುವವರೆಗೆ ಕಾಯಿಸುತ್ತಾರೆ. ಇಲ್ಲಿ ಹಣ್ಣನ್ನು ಕಾಯುವುದು ಹುಳಿಯಲ್ಲ, ನೀರಿನ ಕೊರತೆ. ಉಳಿದ ತೇವಾಂಶವನ್ನು ಬೆಲ್ಲ ಹಿಡಿದಿಟ್ಟುಕೊಳ್ಳುವುದರಿಂದ ಅದು ಜೀವಿಗಳಿಗೆ ಎಟುಕುವುದಿಲ್ಲ. ಕೈ ಸೋತಿತೆಂದು ಅರ್ಧ ಗಂಟೆ ಮೊದಲೇ ಇಳಿಸಿದ ಬೆರಟಿ ಮಳೆಗಾಲದ ಆಟಿ ತಿಂಗಳಿನಲ್ಲಿ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಇದು ತೋಳಿನಲ್ಲಿ ಬಲವಿರುವವರ ವಿಧಾನ. ಪಾಯಸಕ್ಕೆ ಇದನ್ನು ಮೀರಿಸಿದ್ದು ಯಾವುದೂ ಇಲ್ಲ, ಆದರೆ ಹಣ್ಣನ್ನು ಹಣ್ಣಾಗಿ ತಿನ್ನಬೇಕೆನ್ನುವವರಿಗೆ ಇದು ಒದಗದು.

ಬಾಳೆಹಣ್ಣಿಗೆ ಒಣಗಿಸುವುದೇ ಸರಿ. ಉತ್ತರ ಕನ್ನಡದ ಯಲ್ಲಾಪುರ, ಶಿರಸಿಗಳ ಕಡೆ ಮಾಡುವ ಸುಕೇಳಿ ಇದಕ್ಕೆ ಒಳ್ಳೆಯ ಮಾದರಿ. ಬಾಳೆ ಬೇಸಿಗೆಯಲ್ಲೂ ಸಿಗುವುದರಿಂದ ಬಿಸಿಲನ್ನು ನಂಬಬಹುದು. ಒಣಗಿಸಿದ ಯಾವ ಹಣ್ಣನ್ನೇ ಆಗಲಿ, ಕೂಡಲೇ ಕೊನೆಯ ಡಬ್ಬಿಗೆ ತುಂಬದೆ ಗಾಜಿನ ಭರಣಿಯಲ್ಲಿ ಮುಕ್ಕಾಲು ಭಾಗ ಸಡಿಲವಾಗಿ ಹಾಕಿ, ವಾರದಷ್ಟು ಕಾಲ ದಿನಕ್ಕೊಮ್ಮೆ ಕುಲುಕುತ್ತಿರಬೇಕು. ಹೆಚ್ಚು ಒಣಗಿದ ತುಂಡು ಕಡಿಮೆ ಒಣಗಿದ್ದರಿಂದ ತೇವ ಹೀರಿ ಎಲ್ಲವೂ ಒಂದೇ ಹದಕ್ಕೆ ಬರುತ್ತವೆ. ಗಾಜಿನ ಒಳಮೈಯಲ್ಲಿ ಬೆವರು ಕಂಡರೆ ಮತ್ತೆ ಬಿಸಿಲಿಗೆ ಹಾಕಬೇಕೆಂದು ಅರ್ಥ.

ಜಾಮ್, ಸ್ಕ್ವಾಷ್, ಮುರುಗಲು

ಜಾಮ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕರಗಿದ ಘನಾಂಶ, ಅಂದರೆ ಬಹುಪಾಲು ಸಕ್ಕರೆ, ನೂರಕ್ಕೆ 65 ಭಾಗ ದಾಟುವವರೆಗೆ ಕಾಯಿಸಬೇಕು. ಕರಾವಳಿಯಲ್ಲಿ ಅದು ಸುಮಾರು 105 ಡಿಗ್ರಿಗೆ ಬರುತ್ತದೆ, ಬೆಂಗಳೂರಿನಲ್ಲಿ 102ಕ್ಕೇ. ಸೀಬೆ, ಬೇಲದಂಥ ಹಣ್ಣುಗಳು ತಾವಾಗಿಯೇ ಗಟ್ಟಿಯಾಗುತ್ತವೆ, ಅನಾನಸ್ ಆಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ನಾಲ್ಕು ಬಾಟಲಿ ಜಾಮ್ ಖರ್ಚಾದೀತು; ಇಪ್ಪತ್ತು ಕೆ.ಜಿ. ಹಣ್ಣನ್ನು ಜಾಮ್ ಮಾಡಿಟ್ಟರೆ ಅಷ್ಟೇ ತೂಕದ ಸಕ್ಕರೆಯನ್ನೂ ಮನೆಯವರು ತಿನ್ನಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಸ್ಕ್ವಾಷ್ ವಿಚಾರದಲ್ಲಿ ಎಚ್ಚರವಿರಬೇಕಾದದ್ದು ಸಂರಕ್ಷಕದ ಆಯ್ಕೆ ಮತ್ತು ಅಳತೆಯಲ್ಲಿ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಬಿಳಿ ಪುಡಿ ಹುಳಿ ರಸದಲ್ಲಿ ಗಂಧಕದ ಡೈಆಕ್ಸೈಡ್ ಅನಿಲ ಬಿಟ್ಟು ಬೂಷ್ಟು, ಹುದುಗುಗಳನ್ನು ತಡೆಯುತ್ತದೆ. ಹತ್ತು ಲಕ್ಷ ಭಾಗಕ್ಕೆ ಆ ಅನಿಲ 350 ಭಾಗ ಎಂಬುದು ಸ್ಕ್ವಾಷಿಗೆ ನಮ್ಮಲ್ಲಿ ರೂಢಿಯಾಗಿರುವ ಮಿತಿ. ಅಂದರೆ ಒಂದು ಕೆ.ಜಿ. ಸ್ಕ್ವಾಷಿಗೆ ಆ ಪುಡಿ ಸುಮಾರು 0.6 ಗ್ರಾಂ. ಚಿಟಿಕೆಯ ಲೆಕ್ಕ ಇಲ್ಲಿ ಸಲ್ಲದು, ಗ್ರಾಮಿನ ಹತ್ತನೆಯ ಭಾಗ ತೋರಿಸುವ ಚಿಕ್ಕ ತಕ್ಕಡಿ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು. ಉಬ್ಬಸ ಇರುವ ಕೆಲವರಿಗೆ ಇದು ಆಗಿಬರುವುದಿಲ್ಲ. ನೇರಳೆ, ಮುರುಗಲು, ಕಪ್ಪು ದ್ರಾಕ್ಷಿಯಂಥ ಕೆಂಪು ರಸಗಳ ಬಣ್ಣವನ್ನು ಇದು ತೆಗೆದುಬಿಡುವುದರಿಂದ ಅವಕ್ಕೆ ಸೋಡಿಯಂ ಬೆಂಜೋಯೇಟ್ ಬಳಸುತ್ತಾರೆ.

ಮುರುಗಲಿಗೆ, ದಕ್ಷಿಣ ಕನ್ನಡದವರ ಪುನರ್ಪುಳಿಗೆ, ಇವೆರಡೂ ಬೇಕಾಗಿಲ್ಲ. ಹಣ್ಣನ್ನು ಹೋಳು ಮಾಡಿ ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಜೋಡಿಸಿ, ಬಾಯಿಗೆ ಬಟ್ಟೆ ಕಟ್ಟಿ ಕೆಲವು ದಿನ ಬಿಸಿಲಿಗೆ ಇಟ್ಟರೆ ಸಕ್ಕರೆಯೆಲ್ಲ ಕರಗಿ ಕಡುಗೆಂಪು ಪಾನಕ ಇಳಿಯುತ್ತದೆ. ಹುಳಿಯೂ ಸಕ್ಕರೆಯೂ ಎರಡೂ ಮಿತಿಮೀರಿ ಇರುವುದರಿಂದ ಅದು ವರ್ಷ ಕೆಡುವುದಿಲ್ಲ. ಒಲೆ, ಕರೆಂಟು, ಔಷಧ ಯಾವುದೂ ಬೇಡದ ಈ ಕ್ರಮ ಇಲ್ಲಿ ಹೇಳಿದ ಎಲ್ಲದರ ಪೈಕಿ ಅತ್ಯಂತ ಸರಳವಾದದ್ದು.

ಯಾರಿಗೆ ಯಾವುದು

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದು, ಕರೆಂಟು ಹೆಚ್ಚು ಹೋಗದ, ಎರಡು ಪೆಟ್ಟಿಗೆ ಮಾವು ಬರುವ ಮನೆಗೆ ಫ್ರೀಜರ್ ಬಿಟ್ಟು ಬೇರೆಯದನ್ನು ಯೋಚಿಸುವ ಅಗತ್ಯ ನನಗೆ ಕಾಣುವುದಿಲ್ಲ. ಬಾಟಲಿ ಅಲ್ಲಿ ಹವ್ಯಾಸ ಮಾತ್ರ. ತೋಟದ ಮನೆಯಲ್ಲಿ, ಸೌದೆಯೂ ಕೈಗಳೂ ಇರುವಲ್ಲಿ ಅನಾನಸ್ ಬಾಟಲಿಗೆ, ಮಾವು ಚಾಪೆಗೆ, ಹಲಸು ಉರುಳಿಗೆ ಹೋಗಲಿ. ಮಾರಾಟದ ಆಸೆ ಇರುವವರ ಲೆಕ್ಕವೇ ಬೇರೆ. ಅದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು, ಕೈಹಾಕುವ ಮೊದಲು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಡೆಸುವಂಥ ತರಬೇತಿಗೆ ಹೋಗಿಬರುವುದು ಒಳಿತು. ವಿದೇಶದಲ್ಲಿದ್ದು ಪೀಚ್ ತುಂಬುವವರು ಹಳದಿ ತಿರುಳಿನದನ್ನೇ ಆರಿಸಬೇಕು. ಬಿಳಿ ತಿರುಳಿನ ಪೀಚ್‌ಗೆ ಸಾಕಷ್ಟು ಹುಳಿ ಇರುತ್ತದೆಂದು ನೆಚ್ಚುವಂತಿಲ್ಲವಾದ್ದರಿಂದ ಅದನ್ನು ಫ್ರೀಜರ್‌ಗೆ ಸೇರಿಸುವುದೇ ಕ್ಷೇಮ.

ಕಪಾಟಿಗೆ ಸೇರಿದ ಬಾಟಲಿಯ ಮೇಲೆ ಹಣ್ಣಿನ ಹೆಸರನ್ನೂ ತುಂಬಿದ ತಿಂಗಳನ್ನೂ ಬರೆದಿಡಬೇಕು. ಬೆಳಕು ಬೀಳದ, ಆದಷ್ಟು ತಂಪಾದ ಜಾಗದಲ್ಲಿ ಒಂದು ವರ್ಷ ಗುಣ ಕೆಡದೆ ಉಳಿಯುತ್ತದೆ. ಒಲೆಯ ಮೇಲ್ಗಡೆಯ ಶೆಲ್ಫಿನಲ್ಲಾದರೆ ಅದಕ್ಕೆ ಮೊದಲೇ ಬಣ್ಣ ಕಂದುತ್ತದೆ. ಕರಾವಳಿಯ ಮಳೆಗಾಲದಲ್ಲಿ ತಗಡಿನ ಮುಚ್ಚಳಕ್ಕೆ ತುಕ್ಕು ಹಿಡಿಯುವುದು ಸಾಮಾನ್ಯ. ಬಾಟಲಿಯ ಹೊರಮೈಯ ಅಂಟನ್ನು ತೊಳೆದು ಒರೆಸಿಯೇ ಇಡಬೇಕು, ತಿಂಗಳಿಗೊಮ್ಮೆ ನೋಡುತ್ತಿರಬೇಕು. ತುಕ್ಕು ಅಂಚಿನಲ್ಲಿ ತೂತು ಮಾಡಿದ್ದರೆ, ಮುಚ್ಚಳ ಉಬ್ಬಿದ್ದರೆ, ತೆರೆದಾಗ ಪಾಕ ಚಿಮ್ಮಿದರೆ ಅಥವಾ ಹೊಸ ನೊರೆ ಕಂಡರೆ ನಾಲಿಗೆಯ ತುದಿಗೂ ತಾಗಿಸದೆ ಆ ಬಾಟಲಿಯನ್ನು ಹಾಗೆಯೇ ಚೀಲದಲ್ಲಿ ಕಟ್ಟಿ, ದನ ನಾಯಿಗಳಿಗೆ ಸಿಗದ ಕಡೆ ಎಸೆಯಬೇಕು.